ಬೀದಿದೀಪದ ಕಡೆಯ ಕೊಂಬೆ

ನಮ್ಮನೆ ಕಿಟಕಿ ಎದುರಿಗೆ ಒಂದು ಮೇಪಲ್ ಮರ ಇದೆ, ಅದಕ್ಕೆ ಅಂಟಿಕೊಂಡ ಹಾಗೇ ಒಂದು ಬೀದಿದೀಪದ ಕಂಬ. ಈಗ ನವೆಂಬರ್ ಕೊನೆ, ಮರ ಹೆಚ್ಚುಕಮ್ಮಿ ಬೋಳಾಗಿದೆ, ಆಚೆ ಕಡೆ ಕೊಂಬೆಗಳಲ್ಲಿ ಹುಡುಕಿದ್ರೂ ಒಂದು ಎಲೆ ಸಿಗಲ್ಲ, ಆದ್ರೆ ದೀಪಕ್ಕೆ ಹತ್ರ ಇರೋ ಒಂದು ಕೊಂಬೆ ಮಾತ್ರ ಇನ್ನೂ ಎಲೆ ಹಿಡ್ಕೊಂಡೇ ನಿಂತಿದೆ. ಅದ್ರಲ್ಲೂ ಕೆಲವು ಎಲೆ ಪೂರ್ತಿ ಬಣ್ಣಾನೂ ತಿರುಗಿಲ್ಲ, ಅರ್ಧ ಹಸಿರು ಅರ್ಧ ಕಂದು. ಮೊದಲ ಸಲ ನೋಡಿದಾಗ ಆ ಕಡೆ ಗಾಳಿ ಕಮ್ಮಿ ಬೀಸುತ್ತೇನೋ ಅಂದ್ಕೊಂಡು ಸುಮ್ಮನಾಗಿದ್ದೆ. ಆಮೇಲೆ ಓದಿ ಗೊತ್ತಾಯ್ತು, ಇದು ಗಾಳಿ ಕೆಲಸ ಅಲ್ಲ, ರಾತ್ರಿಯಿಡೀ ಉರಿಯೋ ಆ ದೀಪದ್ದು ಅಂತ.

ಎಲೆ ಉದುರಿಸೋ ಮರಗಳಿಗೆ ಶರತ್ಕಾಲ ಮುಗೀತಾ ಬಂತು ಅಂತ ಗೊತ್ತಾಗೋದು ಬರೀ ಚಳಿಯಿಂದಲ್ಲ, ರಾತ್ರಿ ಎಷ್ಟು ಉದ್ದ ಆಗಿದೆ ಅನ್ನೋದರಿಂದ. 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಗಿಡಗಳು ಹಗಲಿನ ಉದ್ದ ನೋಡ್ಕೊಂಡು ಹೂ ಬಿಡ್ತವೆ ಅಂತ ತೋರಿಸಿದ್ರು. ಆಮೇಲೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅನ್ನೋರು ಒಂದು ಕಳೆಗಿಡ ಇಟ್ಕೊಂಡು ಪ್ರಯೋಗ ಮಾಡಿ ನೋಡಿದ್ರೆ, ಗಿಡ ಅಳೀತಾ ಇದ್ದಿದ್ದು ಹಗಲನ್ನಲ್ಲ, ನಡುವೆ ಎಲ್ಲೂ ಕಡಿದುಹೋಗದ ಕತ್ತಲನ್ನ. ಉದ್ದದ ರಾತ್ರಿ ಮಧ್ಯೆ ಒಂಚೂರು ಹೊತ್ತು ಬೆಳಕು ಬಿಟ್ರೆ ಸಾಕು, ಗಿಡ ಆ ರಾತ್ರಿನ ಉದ್ದದ ರಾತ್ರಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ನಮ್ಮ ಮರದ ಆ ಕೊಂಬೆಗೂ ಅದೇ ಆಗಿರೋದು. ಪಕ್ಕದ ಕೊಂಬೆಗಳಿಗೆಲ್ಲ ರಾತ್ರಿ ಬಂತು, ಹೇಳಿತು, ಅವು ಕೇಳಿಸಿಕೊಂಡವು. ಇದಕ್ಕೆ ರಾತ್ರಿ ಬರಲೇ ಇಲ್ಲ.

ಇದನ್ನ ಓದಿದ ದಿನ ನನ್ನ ಬಗ್ಗೆನೇ ಓದಿದ ಹಾಗಾಯ್ತು, ಸುಳ್ಳಲ್ಲ. ಯಾಕಂದ್ರೆ ಸುಮಾರು ಹತ್ತು ವರ್ಷ ನನ್ನ ಜೀವನದಲ್ಲಿ ಶರತ್ಕಾಲ ಅನ್ನೋದು ಇರಲೇ ಇಲ್ಲ. ಆಫೀಸಲ್ಲಿ ಟ್ಯೂಬ್‌ಲೈಟ್, ಕಿಟಕಿಗೆ ಯಾವಾಗ್ಲೂ ಬ್ಲೈಂಡ್ಸ್ ಇಳಿಬಿಟ್ಟಿರ್ತಿದ್ರು, ಮನೆಗೆ ಬಂದ ತಕ್ಷಣ ಕೈ ತಾನಾಗೇ ಸ್ವಿಚ್ ಹುಡುಕೋದು, ಚಪ್ಪಲಿ ಬಿಡೋದಕ್ಕೂ ಮುಂಚೆ. ಜೂನ್ ತಿಂಗಳ ಸಂಜೆ ಏಳು ಗಂಟೆಗೂ ನವೆಂಬರ್ ಸಂಜೆ ಏಳು ಗಂಟೆಗೂ ನನ್ನ ರೂಮಲ್ಲಿ ಏನೇನೂ ವ್ಯತ್ಯಾಸ ಇರಲಿಲ್ಲ, ಅದೇ ಬೆಳಕು ಅದೇ ಲ್ಯಾಪ್‌ಟಾಪ್, ಸ್ವೆಟರ್ ಒಂದು ಜಾಸ್ತಿ ಅಷ್ಟೆ. ಎಲೆ ಉದುರಿದ್ದು ನನಗೆ ಗೊತ್ತಾಗ್ತಿದ್ದಿದ್ದು ಕಾಲಡಿ ಸಿಕ್ಕಾಗ ಮಾತ್ರ.

ಅದು ಬದಲಾಗಿದ್ದಕ್ಕೆ ನಾನೇನೂ ಯೋಚನೆ ಮಾಡಿ ಒಂದು ದಿನ ನಿರ್ಧಾರ ಮಾಡಿದ್ದಲ್ಲ. ಮೂರು ವರ್ಷದ ಹಿಂದೆ ಶರತ್ಕಾಲದಲ್ಲಿ ಬಲಗಣ್ಣಿನ ಒಳಗೆ ಉರಿಯೂತ ಆಯ್ತು. ಕಣ್ಣು ಕೆಂಪಗೆ, ಬೆಳಕು ಬಿದ್ರೆ ಸೂಜಿ ಚುಚ್ಚಿದ ಹಾಗೆ ನೋವು. ಡಾಕ್ಟ್ರು ಎರಡು ಥರ ಡ್ರಾಪ್ಸ್ ಕೊಟ್ರು, ಅದ್ರಲ್ಲಿ ಒಂದು ಪಾಪೆ ಹಿಗ್ಗಿಸೋದು, ಅದನ್ನ ಹಾಕ್ಕೊಂಡ ಮೇಲಂತೂ ಸಾದಾ ಬಲ್ಬು ನೋಡಿದ್ರೂ ಬೆಂಕಿ ನೋಡಿದ ಹಾಗಾಗೋದು. ಕೆಲಸಕ್ಕೆ ರಜೆ ಹಾಕಿದೆ. ಓದೋಕಾಗಲ್ಲ, ಫೋನ್ ನೋಡೋಕಾಗಲ್ಲ. ಹಗಲೆಲ್ಲ ಪರದೆ ಎಳ್ಕೊಂಡು ಮಲಗಿರೋದು, ಸಂಜೆ ಆಗ್ತಾ ಆಗ್ತಾ ಕಣ್ಣಿಗೆ ಸ್ವಲ್ಪ ಹಾಯೆನಿಸೋದು, ಆಗ ಎದ್ದು ಪರದೆ ಸರಿಸಿ ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ. ಲೈಟ್ ಹಾಕ್ತಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು, "ಯಾಕೇ ಕತ್ತಲಲ್ಲಿ ಕೂತಿದ್ಯಾ, ಲೈಟ್ ಹಾಕ್ಲಾ?" ಅಂತ ಕೇಳೋಳು. "ಬೇಡಮ್ಮ, ಇನ್ನೊಂಚೂರು ಇರ್ಲಿ" ಅಂತಿದ್ದೆ. ಮೊದಲ ನಾಲ್ಕೈದು ದಿನ ಕಣ್ಣಿಗೋಸ್ಕರ ಹಾಗಂದಿದ್ದು. ಎರಡನೇ ವಾರದಿಂದ ಮಾತ್ರ ನಿಜವಾಗ್ಲೂ ನನಗೇ ಬೇಕಾಗಿತ್ತು.

ಯಾಕಂದ್ರೆ ಕತ್ತಲಾಗೋದು ಅನ್ನೋದು ಒಂದು ಘಟನೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಗಲು ಇರತ್ತೆ, ಆಮೇಲೆ ರಾತ್ರಿ ಇರತ್ತೆ, ಮಧ್ಯೆ ಯಾವಾಗ್ಲೋ ಒಂದು ಸ್ವಿಚ್ ಅಷ್ಟೆ ಅನ್ಕೊಂಡಿದ್ದೆ. ಕೂತು ನೋಡಿದ್ರೆ ಅದು ಒಂದೂವರೆ ಗಂಟೆ ನಡೆಯತ್ತೆ. ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಏನೂ ಆಗಿಲ್ಲ ಅನ್ನೋ ಹಾಗೆ ಬೆಳಕಿರತ್ತೆ, ಖಗೋಳದವರು ಈ ಸಂಧ್ಯೆನ ಮೂರು ಭಾಗ ಮಾಡ್ತಾರೆ, ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗೋವರೆಗೂ ಒಂದು, 12ರವರೆಗೆ ಇನ್ನೊಂದು, 18ರವರೆಗೆ ಕೊನೇದು, ಅಲ್ಲಿಗೆ ಆಕಾಶದಿಂದ ಸೂರ್ಯನ ಬೆಳಕು ಪೂರ್ತಿ ಹೋಯ್ತು ಅಂತ ಲೆಕ್ಕ. ಆದ್ರೆ ನನಗೆ ಡಿಗ್ರಿಗಿಂತ ನಮ್ಮ ಮಾತುಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಇಳಿಹೊತ್ತು, ಬೈಗು, ಮುಸ್ಸಂಜೆ, ಮಬ್ಬು, ನಸುಗತ್ತಲು, ಕಗ್ಗತ್ತಲು. ಇವೆಲ್ಲ ಒಂದೇ ಅರ್ಥದ ಪದಗಳು ಅಂತ ತಿಳ್ಕೊಂಡಿದ್ದೆ, ಸ್ಕೂಲಲ್ಲಿ ಸಮಾನಾರ್ಥಕ ಪದ ಬರೀರಿ ಅಂದ್ರೆ ಬರೀಬೋದು ಅನ್ನೋ ಥರ. ಕಿಟಕಿ ಹತ್ರ ಕೂತ ಮೇಲೆ ತಿಳೀತು, ಒಂದೊಂದೂ ಬೇರೆ ಬೇರೆ ಹೊತ್ತಿನ ಹೆಸರು. ಇಳಿಹೊತ್ತಲ್ಲಿ ಮರಕ್ಕೆ ಉದ್ದದ ನೆರಳಿರತ್ತೆ, ಮುಸ್ಸಂಜೆಯಲ್ಲಿ ನೆರಳೇ ಇರಲ್ಲ, ಮಬ್ಬಲ್ಲಿ ಮರ ಇರತ್ತೆ ಆದ್ರೆ ಎಲೆ ಬಿಡಿಬಿಡಿಯಾಗಿ ಕಾಣಲ್ಲ, ನಸುಗತ್ತಲಲ್ಲಿ ಮರ ಆಕಾಶದ ಮೇಲೆ ಒಂದು ಕಪ್ಪು ಗೀಟು ಗೀಟಿನ ಚಿತ್ರ. ಈ ಪದಗಳನ್ನ ಮಾಡಿದ ಜನ ಲೈಟ್ ಹಾಕದೇ ಕೂತು ನೋಡಿದ್ದೋರು, ಅದರಲ್ಲಿ ನನಗೆ ಅನುಮಾನ ಇಲ್ಲ.

ಆ ವಾರಗಳಲ್ಲಿ ಒಂದು ವಿಷಯ ನೋಡಿ ನನ್ನ ಕಣ್ಣೇ ಇನ್ನೂ ಸರಿಹೋಗಿಲ್ಲ ಅಂದ್ಕೊಂಡು ಹೆದರಿದ್ದೆ. ಮರದಲ್ಲಿ ಆಗ ಕೆಂಪೆಲೆ ಬೇಕಾದಷ್ಟಿತ್ತು, ಹಗಲು ಹೊತ್ತು ಉರಿಯೋ ಹಾಗೆ ಕಾಣೋದು. ಸಂಜೆ ಬೆಳಕು ಇಳೀತಾ ಇಳೀತಾ ಮೊದಲು ಕಪ್ಪಾಗ್ತಿದ್ದಿದ್ದು ಅದೇ ಕೆಂಪು. ಪಕ್ಕದಲ್ಲಿದ್ದ ಹಸಿರು ಹುಲ್ಲು ಇನ್ನೂ ಕಾಣ್ತಿರೋದು, ಗೇಟಿನ ನೀಲಿ ಬಣ್ಣ ಹಗಲಿಗಿಂತ ಹೆಚ್ಚು ಹೊಳೆಯೋ ಹಾಗೆ ಅನ್ಸೋದು, ಅಷ್ಟು ಜೋರಿದ್ದ ಕೆಂಪು ಮಾತ್ರ ಮಸಿ. ಡಾಕ್ಟ್ರ ಹತ್ರ ಹೋದಾಗ ಹೇಳಿದೆ. ಅವರು ನಕ್ಕು, "ಅದು ಎಲ್ಲರಿಗೂ ಆಗತ್ತಮ್ಮ, ಯಾರೂ ನೋಡಲ್ಲ ಅಷ್ಟೆ" ಅಂದ್ರು. ಇದಕ್ಕೆ ಪುರ್ಕಿನ್ಯೆ ಪರಿಣಾಮ ಅಂತ ಹೆಸರಂತೆ, 19ನೇ ಶತಮಾನದ ಮೊದಲ ಭಾಗದಲ್ಲಿ ಯಾನ್ ಪುರ್ಕಿನ್ಯೆ ಅನ್ನೋ ಜೆಕ್ ವಿಜ್ಞಾನಿ ಇದನ್ನ ಗುರುತಿಸಿದ್ದು. ನಮ್ಮ ಕಣ್ಣಲ್ಲಿ ಬಣ್ಣ ನೋಡೋ ಕೋಶಗಳು ಬೇರೆ, ಮಂದ ಬೆಳಕಲ್ಲಿ ನೋಡೋ ಕೋಶಗಳು ಬೇರೆ. ಸಂಜೆ ಹೊತ್ತು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗತ್ತೆ, ಆ ಎರಡನೇ ಗುಂಪಿಗೆ ಕೆಂಪು ಸರಿಯಾಗಿ ಕಾಣೋದೇ ಇಲ್ಲ, ನೀಲಿ ಹಸಿರಿನ ಕಡೆ ಚೆನ್ನಾಗಿ ಕಾಣತ್ತೆ. ಮೂವತ್ತಾರು ವರ್ಷ ಇದೇ ಕಣ್ಣಿಟ್ಕೊಂಡು ಬದುಕಿ ನಾನು ಇದನ್ನ ಒಂದು ಸಲಾನೂ ನೋಡಿರಲಿಲ್ಲ.

ಇನ್ನೂ ಒಂದಿದೆ. ಬೆಳಕಿಂದ ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಕಮ್ಮಿ ಅಂದ್ರೂ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅವಸರ ಮಾಡೋಕೆ ಆಗಲ್ಲ, ದುಡ್ಡು ಕೊಟ್ಟು ಬೇಗ ಮಾಡಿಸೋಕೂ ಆಗಲ್ಲ. ಮಧ್ಯೆ ಒಂದು ಸಲ ಫೋನ್ ಸ್ಕ್ರೀನ್ ನೋಡಿದ್ರೆ ಗಳಿಸಿದ್ದೆಲ್ಲ ಹೋಯ್ತು, ಮತ್ತೆ ಮೊದಲಿಂದ. ನಿಧಾನದ ಬಗ್ಗೆ ಎಷ್ಟೋ ಜನ ಎಷ್ಟೋ ಹೇಳೋದು ಕೇಳಿದೀನಿ, ಆದ್ರೆ ನನಗೆ ಅದು ಮೈಗೆ ಹತ್ತಿದ್ದು ಈ ಅರ್ಧ ಗಂಟೆಯಲ್ಲಿ. ಕೂತಿದ್ರೆ ಮಾತ್ರ ಸಿಗೋದು, ಕೂತಿದ್ದಷ್ಟೂ ಹೆಚ್ಚು ಕಾಣೋದು.

ಹೀಗೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಟ್ಕೊಂಡು ಹಿಂದಿನ ಬಾಗಿಲು ತೆಗೆದು ಆಚೆ ಹೋದ್ರೆ, ಈ ತಿಂಗಳಲ್ಲಿ ಪೂರ್ವದಲ್ಲಿ ಕೃತ್ತಿಕೆ ಇರತ್ತೆ. ಕಾರ್ತಿಕ ಅನ್ನೋ ಹೆಸರು ಬಂದಿದ್ದೇ ಅದರಿಂದ, ಆ ತಿಂಗಳ ಹುಣ್ಣಿಮೆ ಚಂದ್ರ ಕೃತ್ತಿಕೆ ಹತ್ರ ಇರ್ತಾನೆ. ಚಿಕ್ಕ ಮುದ್ದೆ ಥರ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗಿರೋ ಒಂದು ಮಂಜು, ಸ್ವಲ್ಪ ಹೊತ್ತು ನೋಡಿದ್ರೆ ಅದೇ ಬಿಡಿಸಿಕೊಂಡು ಆರು ನಕ್ಷತ್ರ ಆಗತ್ತೆ. ಒಂದು ಉಪಾಯ ಹೇಳ್ತೀನಿ, ನೇರವಾಗಿ ಅದನ್ನೇ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕು ಹಿಡಿಯೋ ಕೋಶಗಳು ಕಣ್ಣಿನ ನಟ್ಟನಡುವೆ ಇರಲ್ಲ, ಸುತ್ತ ಇರ್ತವೆ, ಹಾಗಾಗಿ ಪಕ್ಕಕ್ಕೆ ನೋಡಿದಾಗ್ಲೇ ಜಾಸ್ತಿ ಕಾಣತ್ತೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷ ಆಗಿದೆ. ಅಷ್ಟು ದೂರದಿಂದ ಅಷ್ಟು ದಿನ ನಡ್ಕೊಂಡು ಬಂದಿದ್ದನ್ನ ನೋಡೋಕೆ ನಾನು ಒಂದರ್ಧ ಗಂಟೆ ಕಾಯೋದು ಏನು ಮಹಾ.

ಈ ಹೊತ್ತಿನ ಶಬ್ದದ ಬಗ್ಗೆನೂ ಹೇಳ್ಬೇಕು. ದೂರದಲ್ಲೆಲ್ಲೋ ಹೋಗೋ ರೈಲಿನ ಸದ್ದು ಬೇಸಿಗೆಯಲ್ಲಿ ನಮ್ಮನೆಗೆ ಕೇಳಲ್ಲ, ಈಗ ಪಕ್ಕದ ಬೀದಿಯಲ್ಲೇ ಹೋದ ಹಾಗೆ ಕೇಳತ್ತೆ. ಶುಭ್ರ ಆಕಾಶದ ಚಳಿ ರಾತ್ರಿಯಲ್ಲಿ ನೆಲದ ಹತ್ರದ ಗಾಳಿ ತಣ್ಣಗಾಗಿ ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿ ಕೂತಿರತ್ತೆ, ಮೇಲಕ್ಕೆ ಹೋಗೋ ಸದ್ದು ಬಾಗಿ ಮತ್ತೆ ಕೆಳಗೇ ಬರತ್ತೆ, ಹಾಗಾಗಿ ದೂರದವರೆಗೂ ಕೇಳೋದು. ಜೊತೆಗೆ ಎಲೆ ಬೇರೆ ಇಲ್ಲ ಅಡ್ಡ. ಯಾರೋ ನಾಯಿ ಕರೆಯೋದು, ಯಾರೋ ಗೇಟು ಹಾಕೋದು, ಒಣಗಿದ ಎಲೆ ಮೇಲೆ ಯಾರೋ ಕಾಲೆಳ್ಕೊಂಡು ಹೋಗೋ ಸರಸರ. ಆ ಸರಸರ ಸದ್ದು ನನಗೆ ಎಷ್ಟು ಇಷ್ಟ ಅಂದ್ರೆ ಬೆಳಿಗ್ಗೆ ನಾನೂ ಬೇಕಂತಲೇ ಫುಟ್‌ಪಾತ್ ಅಂಚಿಗೇ ನಡೀತೀನಿ, ಎಲೆ ರಾಶಿ ಇರೋ ಕಡೆ.

ಕಣ್ಣು ಒಂದೂವರೆ ತಿಂಗಳಿಗೆ ವಾಸಿ ಆಯ್ತು. ಅಭ್ಯಾಸ ಉಳ್ಕೊಳ್ತು. ದಿನಾ ಆಗಲ್ಲ, ಕೆಲಸ ಇರತ್ತೆ, ಮೀಟಿಂಗ್ ಇರತ್ತೆ, ವಾರದಲ್ಲಿ ನಾಲ್ಕು ದಿನ ಆದ್ರೆ ನನಗೆ ಸಂತೋಷ.

ಸ್ಲೋ ಲಿವಿಂಗ್ ಅನ್ನೋ ಮಾತು ನನಗೆ ಆಮೇಲೆ ಸಿಕ್ಕಿದ್ದು. 1986ರಲ್ಲಿ ರೋಮ್ ನಗರದ ಒಂದು ಪ್ರಸಿದ್ಧ ಚೌಕದ ಹತ್ರ ಫಾಸ್ಟ್ ಫುಡ್ ಅಂಗಡಿ ತೆರೆಯೋದನ್ನ ವಿರೋಧಿಸಿ ಕಾರ್ಲೊ ಪೆಟ್ರೀನಿ ಮತ್ತು ಅವರ ಜೊತೆಗಾರರು ಶುರು ಮಾಡಿದ ಸ್ಲೋ ಫುಡ್ ಚಳವಳಿಯಿಂದ ಈ ಸ್ಲೋ ಅನ್ನೋ ಪದಕ್ಕೆ ಇವತ್ತಿನ ಅರ್ಥ ಬಂತು, ಆಮೇಲೆ ನಿಧಾನದ ಊರುಗಳು, ನಿಧಾನದ ಬಟ್ಟೆ, ನಿಧಾನದ ಪ್ರಯಾಣ ಅಂತ ಬೆಳೀತು. ಒಳ್ಳೇದೇ. ಆದ್ರೆ ಈಗ ಆ ಹೆಸರಲ್ಲಿ ಹುಡುಕಿದ್ರೆ ಬರೋ ಫೋಟೋಗಳನ್ನ ನೋಡಿದ್ರೆ ನನಗೆ ಬೇಜಾರಾಗತ್ತೆ, ಉಣ್ಣೆ ಶಾಲು, ಪರಿಮಳದ ಮೇಣದಬತ್ತಿ, ಒಂದು ದಪ್ಪನೆಯ ಕಾಫಿ ಕಪ್, ಎಲ್ಲ ಒಂದೇ ಬಣ್ಣದಲ್ಲಿ ಜೋಡಿಸಿರ್ತಾರೆ. ನೋಡಿದವರಿಗೆ ಅನ್ಸೋದು ಇದೆಲ್ಲ ಕೊಂಡ್ಕೊಂಡ ಮೇಲೆ ನಿಧಾನ ಶುರು ಮಾಡ್ಬೇಕು ಅಂತ. ಶಾಲು ಬೇಡ ಅಂತಲ್ಲ, ಕಿಟಕಿ ಹತ್ರ ಈಗ ಚಳಿ ಇರತ್ತೆ, ನಾನೂ ಹಳೇದೊಂದು ಕಂಬಳಿ ಹೊದ್ಕೊಂಡೇ ಕೂರೋದು, ಕೈಗೆ ಬಿಸಿಯಾಗಿ ಏನಾದ್ರೂ ಒಂದು ಲೋಟ ಇದ್ರೆ ಹಿತವಾಗಿರತ್ತೆ. ಆದ್ರೆ ಈ ಕಾಲದಲ್ಲಿ ಕೊಂಡ್ಕೊಳ್ಳೋಕಾಗದೇ ಇರೋದು, ಯಾರೂ ಮಾರದೇ ಇರೋದು ಆ ಕತ್ತಲೇನೇ, ಅದಕ್ಕೆ ಮಾಡ್ಬೇಕಾಗಿರೋದು ಒಂದು ಸ್ವಿಚ್ ಮುಟ್ಟದೇ ಇರೋದು.

ಬೆಳಗಿನ ಹೊತ್ತು ಬೇರೆನೇ ಒಂದು ಲೋಕ. ರಾತ್ರಿ ಉದ್ದ ಆದಷ್ಟೂ ನೆಲ ತನ್ನ ಬಿಸಿ ಬಿಟ್ಟುಕೊಡೋಕೆ ಹೊತ್ತು ಜಾಸ್ತಿ ಸಿಗತ್ತೆ, ಅದಕ್ಕೇ ಈಗ ಮಂಜು. ತಗ್ಗಿರೋ ಕಡೆ ಹಾಲು ಚೆಲ್ಲಿದ ಹಾಗೆ ನಿಂತಿರತ್ತೆ, ಬಿಸಿಲು ಬಂದ್ಮೇಲೆ ಅದು ಎದ್ದು ಹೋಗೋದನ್ನ ನೋಡ್ಬೇಕು, ಒಟ್ಟಿಗೆ ಹೋಗಲ್ಲ, ಚೂರು ಚೂರೇ. ಜೇಡರ ಬಲೆಗಳಂತೂ, ಇಷ್ಟೊಂದು ಬಲೆ ನಮ್ಮ ಬೇಲಿಯಲ್ಲಿ ಯಾವಾಗ ಬಂತು ಅಂತ ಪ್ರತಿ ವರ್ಷ ಆಶ್ಚರ್ಯ ಆಗತ್ತೆ. ಬಲೆ ಮೊದಲೂ ಇದ್ದವು, ಇಬ್ಬನಿ ಹನಿ ಕೂತ ಮೇಲೆ ಕಾಣೋಕೆ ಶುರುವಾಗಿದ್ದು. ಒಂದು ಬಲೆ ಮುಂದೆ ನಿಂತು ಎಷ್ಟು ಎಳೆ ಇದೆ ಅಂತ ಎಣಿಸೋಕೆ ಹೋಗಿ ಎರಡು ಸಲ ತಪ್ಪಿ ಆಫೀಸಿಗೆ ತಡವಾಗಿದೆ ನನಗೆ, ಅದರ ಬಗ್ಗೆ ನನಗೆ ಪಶ್ಚಾತ್ತಾಪ ಏನೂ ಇಲ್ಲ.

ಉದುರಿದ ಎಲೆ ಕೈಗೆತ್ತಿಕೊಂಡು ನೋಡಿ ಒಂದ್ಸಲ. ತೊಟ್ಟಿನ ತುದಿ ಹರಿದ ಹಾಗಿರಲ್ಲ, ನುಣ್ಣಗೆ ಮುಚ್ಚಿರತ್ತೆ. ಗಾಳಿ ಬಂದು ಎಲೆನ ಕಿತ್ತುಕೊಂಡು ಹೋಗತ್ತೆ ಅಂತ ನಾವು ಹೇಳ್ತೀವಿ, ಆದ್ರೆ ಮರ ವಾರಗಟ್ಟಲೆ ಮುಂಚೆನೇ ತೊಟ್ಟು ಕೊಂಬೆಗೆ ಸೇರೋ ಜಾಗದಲ್ಲಿ ಒಂದು ಬಿಡುಗಡೆ ಪದರ ಕಟ್ಟಿರತ್ತೆ, ಒಳಗಿನ ಕಡೆಯಿಂದ ಗಾಯ ಮುಚ್ಚೋ ಹಾಗೆ ಬೆಂಡಿನಂಥ ಪದರ. ಅದಕ್ಕೂ ಮುಂಚೆ ಎಲೆಯಲ್ಲಿರೋ ಹಸಿರನ್ನ ಒಡೆದು ಅದರಲ್ಲಿದ್ದ ಸಾರಜನಕ, ರಂಜಕ ಎಲ್ಲ ವಾಪಸ್ ಎಳ್ಕೊಳ್ಳತ್ತೆ, ಸುಮಾರು ಅರ್ಧದಷ್ಟು ಹೀಗೆ ಮರಕ್ಕೇ ಮರಳತ್ತೆ. ಹಸಿರು ಹೋದಾಗ ಕಾಣೋ ಹಳದಿ ಮೊದಲಿಂದ ಎಲೆ ಒಳಗೇ ಇದ್ದಿದ್ದು, ಹಸಿರಿನ ಹಿಂದೆ ಅಡಗಿತ್ತು. ಕೆಂಪು ಹಾಗಲ್ಲ. ಕೆಂಪನ್ನ ಮರ ಈ ಕೊನೇ ವಾರಗಳಲ್ಲಿ ಹೊಸದಾಗಿ ತಯಾರಿಸತ್ತೆ, ಉದುರಿಸೋಕೆ ಹೊರಟಿರೋ ಎಲೆಗೆ. ಯಾಕೆ ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲೇ ಒಂದು ಮಾತಿಲ್ಲ, ಪೋಷಕಾಂಶ ವಾಪಸ್ ತಗೊಳ್ಳೋ ಹೊತ್ತಲ್ಲಿ ಜೋರು ಬಿಸಿಲಿಂದ ಎಲೆಗೆ ಕಾವಲು ಅಂತ ಕೆಲವರು, ಕೀಟಗಳನ್ನ ದೂರ ಇಡೋಕೆ ಅಂತ ಕೆಲವರು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ ಬೇರೆ. ಎಲೆ ಬಿದ್ದ ಜಾಗದ ಮೇಲ್ಗಡೆನೇ ನೋಡಿ, ಒಂದು ಪುಟ್ಟ ಮೊಗ್ಗು ಇರತ್ತೆ, ಬಿಗಿಯಾಗಿ, ಜೋಳದ ಕಾಳಿಗಿಂತ ಚಿಕ್ಕದು. ಅದು ಬರೋ ವಸಂತದ ಎಲೆ. ಬೇಸಿಗೆಯಲ್ಲೇ ತಯಾರಾಗಿ ಕೂತಿರತ್ತೆ ಅದು, ಇಷ್ಟು ದಿನ ಎಲೆ ಅಡ್ಡ ಇತ್ತು, ನಮಗೆ ಕಾಣ್ತಿರಲಿಲ್ಲ. ಬೋಳು ಮರ ಅಂತ ನಾವು ಕರೆಯೋದು ಬರೋ ವರ್ಷದ ಎಲೆಗಳನ್ನೆಲ್ಲ ಮೈತುಂಬ ಹೊತ್ತುಕೊಂಡು ನಿಂತಿರೋ ಮರಾನ.

ಹೋದ ವರ್ಷದಿಂದ ಇನ್ನೊಂದು ಆಟ ಹಚ್ಕೊಂಡಿದೀನಿ. ನಮ್ಮ ನಡುಮನೆಗೆ ದಕ್ಷಿಣದ ಕಡೆ ಒಂದು ಕಿಟಕಿ ಇದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿ ಹತ್ರ ಇರೋದ್ರಿಂದ ಬಿಸಿಲು ಕಿಟಕಿ ಬುಡದಲ್ಲೇ ನಿಲ್ಲತ್ತೆ, ಈಗ ಸೂರ್ಯ ತಗ್ಗಲ್ಲಿ ಹೋಗ್ತಾನಲ್ಲ, ಬಿಸಿಲು ರೂಮಿನ ಒಳಗೆ ಒಳಗೆ ಬರ್ತಾ ಹೋಗತ್ತೆ. ಪ್ರತಿ ಭಾನುವಾರ ನಡುಮಧ್ಯಾಹ್ನ ಬಿಸಿಲಿನ ಅಂಚು ಎಲ್ಲಿವರೆಗೆ ಬಂದಿದೆ ಅಂತ ನೋಡಿ ನೆಲದ ಮೇಲೆ ಒಂದು ಚೂರು ಟೇಪ್ ಅಂಟಿಸ್ತೀನಿ, ಮೇಲೆ ಪೆನ್ನಲ್ಲಿ ತಾರೀಕು. ಹೋದ ವರ್ಷ ನವೆಂಬರ್ ಮೊದಲ ವಾರಗಳಲ್ಲಿ ಒಂದು ಟೇಪಿಗೂ ಮುಂದಿನದಕ್ಕೂ ಹತ್ತಿರ ಹತ್ತಿರ ಒಂದಡಿ ಅಂತರ ಇತ್ತು. ತಿಂಗಳ ಕೊನೆಗೂ ಒಂದಡಿಗೆ ಸ್ವಲ್ಪ ಕಮ್ಮಿ ಅಷ್ಟೆ. ಡಿಸೆಂಬರ್ ಶುರುವಲ್ಲಿ ಒಂದು ಗೇಣು, ಆಮೇಲಿನ ವಾರ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ, ಅದರ ಮುಂದಿನ ವಾರ ಎರಡು ಮೂರು ಬೆರಳು. ಅಮ್ಮ ಗುಡಿಸುವಾಗ ಒಂದು ಟೇಪನ್ನೂ ಕೀಳಲಿಲ್ಲ, ಸುತ್ತ ಗುಡಿಸ್ತಿದ್ಲು, "ಇವತ್ತು ಎಲ್ಲಿಗೆ ಬಂದಿದ್ಯೇ ನಿನ್ನ ಬಿಸಿಲು?" ಅಂತ ಅವಳೇ ಬಂದು ಕೇಳೋಳು. ಡಿಸೆಂಬರ್ 21ರ ಸುತ್ತಮುತ್ತ ಬಿಸಿಲು ಮುಂದಕ್ಕೂ ಹೋಗಲಿಲ್ಲ ಹಿಂದಕ್ಕೂ ಬರಲಿಲ್ಲ, ಸುಮಾರು ಒಂದು ವಾರ ಅಲ್ಲೇ ನಿಂತಿತ್ತು.

ಇದರ ಲೆಕ್ಕ ಸರಳ. ಭೂಮಿಯ ಅಚ್ಚು ಸುಮಾರು 23.4 ಡಿಗ್ರಿ ವಾಲಿಕೊಂಡಿದೆ, ಸೆಪ್ಟೆಂಬರ್ 22, 23ರ ಹೊತ್ತಿಗೆ ಹಗಲು ರಾತ್ರಿ ಸಮ ಇರುವಾಗ ಮಧ್ಯಾಹ್ನದ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ಕೆಳಗಿಳೀತಾನೆ, ನವೆಂಬರ್ ಕೊನೆ ಹೊತ್ತಿಗೆ ಅದರ ಅರ್ಧ, ಡಿಸೆಂಬರ್ ಮೂರನೇ ವಾರಕ್ಕೆ ಇಳಿಯೋದೇ ನಿಂತು ಹೋಗತ್ತೆ. ಅಂದ್ರೆ ರಾತ್ರಿಗಳು ಉದ್ದ ಆಗೋ ವೇಗ ಜೋರಾಗಿರೋದು ಶರತ್ಕಾಲದ ಮೊದಲಲ್ಲಿ, ಕೊನೆಗೆ ಬಂದ ಹಾಗೆ ಆ ವೇಗ ಕಮ್ಮಿ ಆಗ್ತಾ ಬರತ್ತೆ. ಅದನ್ನ ನಾನು ಪುಸ್ತಕದಲ್ಲಿ ಮೊದಲು ಓದಿದ್ರೆ ಒಂದು ಮಾಹಿತಿ ಅಂತ ಬಿಟ್ಬಿಡ್ತಿದ್ದೆ. ನೆಲದ ಮೇಲಿನ ಟೇಪ್ ತುಂಡುಗಳು ಹತ್ತಿರ ಹತ್ತಿರ ಬರೋದನ್ನ ನೋಡ್ತಾ ಕೂತಾಗ ಎದೆಯಲ್ಲಿ ಏನೋ ಸಡಿಲ ಆದ ಹಾಗಾಯ್ತು. ವರ್ಷವೇ ಓಡೋದು ಬಿಟ್ಟು ನಡೀತಿದೆ. ಇನ್ನೊಂದು ಸಣ್ಣ ಮಾತು, ಸಂಜೆಗಳು ತಿರುಗೋದು ಅತಿ ಚಿಕ್ಕ ಹಗಲಿಗಿಂತ ಮುಂಚೆನೇ. ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗೋ ದಿನ ಡಿಸೆಂಬರ್ 21 ಅಲ್ಲ, ಅದಕ್ಕೂ ಎಷ್ಟೋ ದಿನ ಮೊದಲೇ ಬಂದು ಹೋಗಿರತ್ತೆ, ಆಮೇಲೆ ಸಂಜೆ ಒಂದೊಂದೇ ನಿಮಿಷ ಉದ್ದ ಆಗೋಕೆ ಶುರು, ಬೆಳಗಾಗೋದು ಮಾತ್ರ ಇನ್ನೂ ತಡ ಆಗ್ತಾನೇ ಇರತ್ತೆ.

ಕತ್ತಲು ಎಲ್ಲರಿಗೂ ಹಿತ ಅಲ್ಲ, ಅದನ್ನೂ ಹೇಳದೇ ಇದ್ರೆ ತಪ್ಪಾಗತ್ತೆ. ಹಗಲು ಚಿಕ್ಕದಾದ ಹಾಗೆ ಮನಸ್ಸು ಕುಸಿಯೋ ಜನ ಇದಾರೆ, ಎದ್ದೇಳೋಕೇ ಆಗದ ಹಾಗೆ, ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಇದನ್ನ ಋತುಮಾನದ ಖಿನ್ನತೆ ಅಂತ ವಿವರಿಸಿದ್ರು, ಬೆಳಿಗ್ಗೆ ಹೊತ್ತು ಜೋರು ಬೆಳಕಿನ ಮುಂದೆ ಕೂರಿಸೋದೇ ಅದಕ್ಕೆ ಒಂದು ಚಿಕಿತ್ಸೆ. ನನ್ನ ಗೆಳತಿಯೊಬ್ಬಳಿಗೆ ಇದೆ. ಅವಳಿಗೆ ನಾನು ಸಂಜೆ ಕತ್ತಲಲ್ಲಿ ಕೂರು ಅಂತ ಯಾವತ್ತೂ ಹೇಳಲ್ಲ, ಬೆಳಿಗ್ಗೆ ಬಾ ನಡ್ಕೊಂಡು ಬರೋಣ ಅಂತೀನಿ, ಮೋಡ ಇದ್ರೂ ಆಚೆಗಿರೋ ಬೆಳಕು ಮನೆ ಒಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗೇ, ಸಂಜೆ ಐದಕ್ಕೆ ಕೆಲಸ ಶುರುವಾಗೋರಿಗೆ, ಮಗು ಎತ್ಕೊಂಡು ಅಡುಗೆ ಮಾಡೋರಿಗೆ ಒಂದು ಗಂಟೆ ಸುಮ್ಮನೆ ಕೂರಿ ಅನ್ನೋ ಹಕ್ಕು ನನಗಿಲ್ಲ. ಹತ್ತು ನಿಮಿಷ ಸಿಕ್ಕಿದ್ರೆ ಕೆಂಪು ಕಪ್ಪಾಗೋ ಆ ಹತ್ತು ನಿಮಿಷ ಹಿಡ್ಕೊಳ್ಳಿ, ಅಷ್ಟು ಹೇಳಬಲ್ಲೆ. ಸೂರ್ಯ ಮುಳುಗಿ ಒಂದು ಹದಿನೈದು ನಿಮಿಷ ಆದ್ಮೇಲೆ ನೋಡಿ.

ನಿದ್ದೆ ವಿಷಯಾನೂ ಇದೆ, ಜಾಸ್ತಿ ಎಳೆಯಲ್ಲ. ನಮ್ಮ ಕಣ್ಣಲ್ಲಿ ನೋಡೋ ಕೆಲಸಕ್ಕಿಂತ ಮುಖ್ಯವಾಗಿ ಈಗ ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸೋ ಒಂದು ಥರದ ಕೋಶಗಳಿವೆ, ಅವು ನೇರವಾಗಿ ಬೆಳಕಿಗೆ ಸ್ಪಂದಿಸ್ತವೆ ಅಂತ ಖಚಿತ ಆಗಿದ್ದು 2002ರಲ್ಲಿ, ಅಷ್ಟು ಇತ್ತೀಚೆಗೆ. ನೀಲಿ ಬೆಳಕು ಅವಕ್ಕೆ ಬೇಗ ತಟ್ಟತ್ತೆ. ಅಂದ್ರೆ ನನ್ನೊಳಗೂ ರಾತ್ರಿ ಅಳೆಯೋ ಒಂದು ಮರ ಇದೆ, ಹತ್ತು ವರ್ಷ ನಾನು ಅದರ ಪಕ್ಕ ದೀಪ ಹಚ್ಚಿಟ್ಟಿದ್ದೆ. ಸಂಜೆ ಹೀಗೆ ಕೂತ ದಿನಗಳಲ್ಲಿ ಒಂಬತ್ತೂವರೆಗೆ ಕಣ್ಣು ತಾನಾಗೇ ಭಾರ ಆಗತ್ತೆ, ಅದು ಸುಸ್ತಿನ ಭಾರ ಅಲ್ಲ.

ಈ ವರ್ಷ ಅಮ್ಮನೂ ಬಂದು ಕೂರ್ತಾಳೆ. ಅವಳು ಕೂತ್ರೆ ಮಾತಾಡ್ತಾಳೆ, ನಾನು ಅಂದ್ಕೊಂಡಿದ್ದೆ ಮೌನ ಹಾಳಾಗತ್ತೆ ಅಂತ, ಆದ್ರೆ ಮುಖ ಸರಿಯಾಗಿ ಕಾಣದ ಹೊತ್ತಲ್ಲಿ ಜನ ಬೇರೆನೇ ಥರ ಮಾತಾಡ್ತಾರೆ, ನಿಧಾನಕ್ಕೆ, ಮಧ್ಯೆ ಮಧ್ಯೆ ಬಿಟ್ಟು. ಮೊನ್ನೆ ಅವಳು ತಾನು ಚಿಕ್ಕವಳಿದ್ದಾಗ ಹಾಡು ಕಲೀಬೇಕು ಅಂತ ತುಂಬ ಆಸೆ ಇತ್ತು, ಯಾರಿಗೂ ಹೇಳಲಿಲ್ಲ ಅಂತ ಹೇಳಿದ್ಲು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು ನಾನು. ಲೈಟ್ ಹಾಕಿದ್ರೆ ಹೇಳ್ತಿದ್ಲಾ ಗೊತ್ತಿಲ್ಲ, ನಾನೂ ಕೇಳ್ತಿದ್ನಾ ಗೊತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಂದು ಸಾಲು ಗುನುಗಿದ್ಲು ಕೂಡ.

ಬೀದಿದೀಪದ ಕಡೆಯ ಕೊಂಬೆಯಲ್ಲಿ ನಿನ್ನೆ ಸಂಜೆ ಹತ್ತೊಂಬತ್ತು ಎಲೆ ಇದ್ದವು. ಒಂದೆರಡು ರಾತ್ರಿ ಗಟ್ಟಿಯಾಗಿ ಹಿಮ ಬಿದ್ರೆ ಅವೂ ಹೋಗ್ತವೆ, ಹೋದ ವರ್ಷ ಹಾಗೇ ಆಗಿತ್ತು, ಬಣ್ಣ ತಿರುಗದೇ ಹಾಗೇ ಮುದುಡಿ ಬಿದ್ದವು, ತನಗೆ ಬೇಕಾಗಿದ್ದನ್ನ ವಾಪಸ್ ತಗೊಳ್ಳೋಕೆ ಆ ಕೊಂಬೆಗೆ ಹೊತ್ತು ಸಿಗಲಿಲ್ಲ. ಇವತ್ತು ಎಣಿಸೋಣ ಅಂತ ಕೂತೆ, ಅಷ್ಟರಲ್ಲಿ ಇದನ್ನ ಬರೀತಾ ಮಬ್ಬಾಗಿ ಹೋಯ್ತು, ಎಲೆಗಳೆಲ್ಲ ಒಂದಕ್ಕೊಂದು ಸೇರ್ಕೊಂಡು ಒಂದೇ ಕಪ್ಪಾಗಿ ಕಾಣ್ತಿವೆ. ಗೇಟಿನ ನೀಲಿ ಇನ್ನೂ ಇದೆ. ಅಮ್ಮ ಎರಡು ಲೋಟ ಹಿಡ್ಕೊಂಡು ಬರ್ತಿದಾಳೆ, ಕತ್ತಲಲ್ಲೇ, ಮೇಜಿನ ಮೂಲೆ ತಗಲದ ಹಾಗೆ ಪಕ್ಕಕ್ಕೆ ಸರೀತಾ. ಈ ಸ್ಕ್ರೀನ್ ಮುಚ್ತೀನಿ, ಕಣ್ಣಿಗೆ ಮತ್ತೆ ಅರ್ಧ ಗಂಟೆ ಬೇಕು.